ಈಜುಡುಗೆಯ ಅಳತೆಗೋಲು

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ ಸೀಮೆಯ ಹಳ್ಳಿಗಳಲ್ಲಿ ಈಜು ಬಾರದ ಗಂಡಸು ಒಂದು ಕಾಲಕ್ಕೆ ಅಪರೂಪ. ಕಪಿಲೆ ಬಾವಿಗಳಲ್ಲಿ ನೀರು ತುಂಬಿರುತ್ತಿದ್ದ ದಿನಗಳವು. ಬೇಸಿಗೆ ರಜೆ ಬಂತೆಂದರೆ ಸೋದರಮಾವನೋ ಚಿಕ್ಕಪ್ಪನೋ ಹುಡುಗನ ಬೆನ್ನಿಗೆ ಕತ್ತಾಳೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ಬಾವಿಗೆ ತಳ್ಳುತ್ತಿದ್ದರು. ಮೈಮೇಲೆ ಒಂದು ಲಂಗೋಟಿ ಇದ್ದರೆ ಸಾಕಾಗಿತ್ತು. ಅದೇ ಮನೆಯ ಹೆಣ್ಣುಮಕ್ಕಳು ಬಾವಿಕಟ್ಟೆಯ ತನಕ ಬಂದು ನೀರು ಸೇದಿಕೊಂಡು ಹೋದರು, ನೀರಿನೊಳಗೆ ಇಳಿಯಲಿಲ್ಲ. ಏಕೆಂದು ಕೇಳಿದರೆ ಹಿರಿಯರು ಕೊಡುತ್ತಿದ್ದ ಉತ್ತರ ಒಂದೇ: "ಏನು ಉಟ್ಕೊಂಡು ಇಳೀತಾಳೆ?"

ಮೇಲ್ನೋಟಕ್ಕೆ ಇದು ಬಟ್ಟೆಯ ಪ್ರಶ್ನೆ. ಆದರೆ ಕೆರೆ, ಕಲ್ಲುಗಣಿ ಹೊಂಡಗಳಲ್ಲಿ ಜಾರಿ ಬಿದ್ದವರ ಸುದ್ದಿ ಓದುವಾಗಲೆಲ್ಲ ಇದು ಜೀವದ ಪ್ರಶ್ನೆಯೂ ಹೌದೆಂದು ತೋರುತ್ತದೆ. ಬಟ್ಟೆ ಒಗೆಯಲು ಹೋದ ಮಗಳು ಜಾರಿದರೆ, ಅವಳನ್ನು ಹಿಡಿಯಲು ಹೋದ ತಾಯಿಯೂ ಮುಳುಗುತ್ತಾಳೆ. ಇಬ್ಬರಿಗೂ ಈಜು ಬಾರದು. ಆದ್ದರಿಂದ ಈಜುಡುಗೆಯ ನಿಯಮಗಳು ಎಲ್ಲಿಂದ ಬಂದವು, ಹೇಗೆ ಬದಲಾದವು, ವಯಸ್ಕರ ಹವ್ಯಾಸಿ ಈಜಿನಲ್ಲಿ ಈಗ ಅವು ಏನು ಹೇಳುತ್ತವೆ ಎಂಬುದನ್ನು ನಮ್ಮ ಮನೆಗಳವರು ತಿಳಿದುಕೊಳ್ಳುವುದು ಒಳ್ಳೆಯದೆಂದು ಈ ಲೇಖನ.

ರಾಜರ ಜಲಕ್ರೀಡೆ, ಊರವರ ಕಲ್ಯಾಣಿ

ನೀರಾಟ ನಮಗೆ ಪರಕೀಯವಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳ ನಡುವೆ ಜಲಕ್ರೀಡೆಗೂ ಸ್ಥಾನವಿದೆ. ಅರಸನೊಡನೆ ರಾಣಿವಾಸದ ಹೆಂಗಸರೂ ನೀರಿಗಿಳಿಯುವುದು ನಮ್ಮ ಕಾವ್ಯಗಳ ಪರಿಚಿತ ವರ್ಣನೆ. ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಯೂ ಒಂದೆಂದು ಶಾಲೆಯಲ್ಲಿ ಕಲಿತವರಿಗೆ ನೆನಪಿರಬಹುದು.

ಊರ ಜನರಿಗಾದರೋ ಕಲ್ಯಾಣಿ, ಕೆರೆ, ಹೊಳೆ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದ ಕೆಳಗಿನ ತೇರುಪೇಟೆಯಲ್ಲಿ ಪಚ್ಚೆಕೊಳವಿದೆ, ಪೇಟೆಗೆ ರಾಮನಾಯಕನ ಕೆರೆಯಿದೆ, ಪಕ್ಕದಲ್ಲೇ ದಕ್ಷಿಣ ಪಿನಾಕಿನಿ ಹರಿಯುತ್ತದೆ. ಪುಣ್ಯಸ್ನಾನಕ್ಕೆ ಹೆಂಗಸರು ಸೀರೆಯುಟ್ಟೇ ಇಳಿದು, ಒದ್ದೆ ಸೀರೆಯಲ್ಲೇ ಮೇಲೆ ಬರುತ್ತಾರೆ. ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಆದರೆ ಸೀರೆಯಲ್ಲಿ ಮುಳುಗಿ ಏಳಬಹುದೇ ಹೊರತು ಈಜುವುದು ಕಷ್ಟ. ಐದೂವರೆ ಗಜದ ಹತ್ತಿಬಟ್ಟೆ ನೀರು ಕುಡಿದರೆ ಕಾಲಿಗೆ ಸುತ್ತಿಕೊಂಡು ಕೆಳಕ್ಕೆ ಎಳೆಯುತ್ತದೆ. ಹೀಗೆ ಸ್ನಾನಕ್ಕೆ ಒಪ್ಪಿದ ಸಮಾಜ ಈಜಿಗೆ ಬೇಕಾದ ಉಡುಪನ್ನು ಹೆಣ್ಣಿಗೆ ಕೊಡಲೇ ಇಲ್ಲ. ಗಂಡಸಿಗೆ ಲಂಗೋಟಿ ಇತ್ತು, ಹೆಣ್ಣಿಗೆ ಅದಕ್ಕೆ ಸಮನಾದದ್ದು ಇರಲಿಲ್ಲ.

ಇಂಗ್ಲೆಂಡಿನ ಅಂಗುಲದ ಲೆಕ್ಕ

ಪಶ್ಚಿಮದವರು ಮೊದಲಿನಿಂದಲೂ ತುಂಡು ಉಡುಗೆಯಲ್ಲಿ ಈಜಿದರು ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಚರಿತ್ರೆ ಬೇರೆಯೇ ಹೇಳುತ್ತದೆ. ಈಜನ್ನು ನಿಯಮಬದ್ಧ ಸ್ಪರ್ಧೆಯಾಗಿ ಕಟ್ಟಿದವರಲ್ಲಿ ಇಂಗ್ಲೆಂಡಿನ ಹವ್ಯಾಸಿ ಈಜು ಸಂಘ ಮೊದಲ ಸಾಲಿನದು. 1869ರಲ್ಲಿ ಲಂಡನ್ನಿನಲ್ಲಿ ಕೆಲವು ಕ್ಲಬ್ಬುಗಳು ಸೇರಿ ಆರಂಭಿಸಿದ ಸಂಸ್ಥೆ ಮುಂದೆ ಅಮೆಚೂರ್ ಸ್ವಿಮ್ಮಿಂಗ್ ಅಸೋಸಿಯೇಷನ್ ಎಂಬ ಹೆಸರು ಪಡೆಯಿತು. 'ಅಮೆಚೂರ್' ಎಂದರೆ ಆಗ ಬರಿಯ ಹವ್ಯಾಸಿ ಎಂದಷ್ಟೇ ಅರ್ಥವಿರಲಿಲ್ಲ. ಈಜಿನಿಂದ ಹಣ ಪಡೆಯದವನು ಎಂದು ಅರ್ಥ. ಹಣಕ್ಕಾಗಿ ಸ್ಪರ್ಧಿಸಿದವನು ಆ ಸಾಲಿನಿಂದ ಹೊರಗಾಗುತ್ತಿದ್ದ.

ಈ ಸಂಘ 1890ರ ದಶಕದಲ್ಲಿ ಉಡುಪಿನ ಕಾನೂನು ಮಾಡಿತು. ಗಂಡಸರೂ ಹೆಂಗಸರೂ ನೋಡಲು ಬರುವ ಸ್ಪರ್ಧೆಗಳಲ್ಲಿ ಉಡುಪಿನ ಬಣ್ಣ ಕಪ್ಪು ಇಲ್ಲವೆ ಕಡುನೀಲಿ ಆಗಿರಬೇಕು. ಕಾಲಿನ ಭಾಗ ಮೊಣಕಾಲಿಗೆ ಮೂರು ಅಂಗುಲ ಉಳಿಯುವಷ್ಟು ಕೆಳಗೆ ಬರಬೇಕು. ಹೆಂಗಸರ ಉಡುಪಿಗೆ ಕನಿಷ್ಠ ಮೂರು ಅಂಗುಲದ ತೋಳು ಇರಬೇಕು. ಒಳಗೆ ಬೇರೆ ಚಡ್ಡಿ ತೊಡಬೇಕು. ಹದಿನಾಲ್ಕು ದಾಟಿದ ಹುಡುಗಿಯರು ನೀರಿಗಿಳಿಯುವ ತನಕವೂ, ನೀರಿನಿಂದ ಎದ್ದ ಕೂಡಲೂ ಉದ್ದನೆಯ ನಿಲುವಂಗಿ ಹೊದೆಯಬೇಕು. ಗಂಡಸರಿಗೂ ಎದೆ ಮುಚ್ಚುವ ಉಡುಪು ಕಡ್ಡಾಯ. 1930ರ ದಶಕದ ನಂತರವೇ ಬರಿಯ ಚಡ್ಡಿ ಗಂಡಸರ ಸಾಮಾನ್ಯ ಸ್ಪರ್ಧಾ ಉಡುಪಾಯಿತು.

ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು. ನಿಯಮ ಇಷ್ಟು ಬಿಗಿಯಾಗಿದ್ದರೂ ಅದು ಹೆಣ್ಣುಮಕ್ಕಳನ್ನು ನೀರಿನಿಂದ ದೂರ ಇಡಲಿಲ್ಲ. ಇಂಥ ಉಡುಪು ತೊಟ್ಟರೆ ಎಲ್ಲರೆದುರು ಈಜಬಹುದು ಎಂದು ಅದು ಬರೆದು ಕೊಟ್ಟಿತು. ನಮ್ಮಲ್ಲಿ ಇಂಥ ಬರೆದ ನಿಯಮವೇ ಇರಲಿಲ್ಲ. ಬರೆಯದ ನಿಯಮವನ್ನು ತಿದ್ದುವುದು ಹೇಗೆ?

ಸ್ಟಾಕ್‌ಹೋಮಿಗೆ ಹೋದ ಇಬ್ಬರು

ಆಸ್ಟ್ರೇಲಿಯಾದ ಆನೆಟ್ ಕೆಲ್ಲರ್‌ಮನ್ ಹೆಸರು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಬಾಲ್ಯದಲ್ಲಿ ಕಾಲುಗಳಿಗೆ ಬಲವಿಲ್ಲದೆ ಈಜಿಗೆ ಬಂದವಳು, ಮುಂದೆ ಈಜಿನಿಂದಲೇ ಜೀವನ ನಡೆಸಿದಳು. ಮೈಗೆ ಅಂಟುವ ಒಂದೇ ತುಂಡಿನ ಉಡುಪು ತೊಟ್ಟದ್ದಕ್ಕೆ 1907ರಲ್ಲಿ ಅಮೆರಿಕದ ಬಾಸ್ಟನ್ ಬಳಿಯ ಕಡಲತೀರದಲ್ಲಿ ಪೊಲೀಸರು ಅವಳನ್ನು ಹಿಡಿದರೆಂಬ ಕಥೆ ಪ್ರಸಿದ್ಧ. ಇತಿಹಾಸಕಾರರು ಹುಡುಕಿದಾಗ ಬಂಧನದ ದಾಖಲೆ ಸಿಕ್ಕಿಲ್ಲ. ಆದರೆ ಆಕೆಯ ಹೆಸರಿನಿಂದಲೇ ಒಂದು ತುಂಡಿನ ಈಜುಡುಗೆ ಜನಪ್ರಿಯವಾಯಿತೆಂಬುದು ನಿಜ.

ಇದಕ್ಕಿಂತ ಗಟ್ಟಿಯಾದ ದಾಖಲೆ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನದು. ಹೆಂಗಸರ ಈಜು ಒಲಿಂಪಿಕ್ಸಿನಲ್ಲಿ ನಡೆದದ್ದು ಅದೇ ಮೊದಲು. ಸಿಡ್ನಿಯ ಫ್ಯಾನಿ ಡ್ಯುರಾಕ್ ಮತ್ತು ಮಿನಾ ವೈಲಿ ಅರ್ಹರಾಗಿದ್ದರು. ಆದರೆ ಗಂಡಸರು ನೋಡುವ ಸ್ಪರ್ಧೆಯಲ್ಲಿ ತಮ್ಮ ಸದಸ್ಯೆಯರು ಈಜಕೂಡದೆಂದು ನ್ಯೂ ಸೌತ್ ವೇಲ್ಸಿನ ಮಹಿಳಾ ಹವ್ಯಾಸಿ ಈಜು ಸಂಘದಲ್ಲೇ ನಿಯಮವಿತ್ತು. ಅದನ್ನು ಕಾಪಾಡಲು ನಿಂತವರು ಸಂಘದ ಅಧ್ಯಕ್ಷೆ ರೋಸ್ ಸ್ಕಾಟ್. ಆಕೆ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವರು! ಹೆಣ್ಣಿನ ಹಿತಚಿಂತಕರೇ ಆಕೆಯ ಉಡುಪಿನ ವಿಷಯದಲ್ಲಿ ಕಾವಲುಗಾರರಾಗುವುದು ನಮಗೂ ಹೊಸ ಅನುಭವವಲ್ಲ. ನಮ್ಮ ಮನೆಗಳಲ್ಲಿ ಮಗಳನ್ನು ಕಾಲೇಜಿಗೆ ಕಳಿಸಲು ಹಟ ಹಿಡಿದ ಅಜ್ಜಿಯೇ ಈಜುಕೊಳಕ್ಕೆ ಬೇಡವೆನ್ನುತ್ತಾಳೆ.

ಜನರ ಒತ್ತಾಯದಿಂದ ನಿಯಮ ಸಡಿಲವಾಯಿತು, ರೋಸ್ ಸ್ಕಾಟ್ ರಾಜೀನಾಮೆಯಿತ್ತರು. ಸರ್ಕಾರದ ಹಣವಿಲ್ಲದೆ ಇಬ್ಬರೂ ಹಡಗು ಹತ್ತಿದರು. 100 ಮೀಟರ್ ಫ್ರೀಸ್ಟೈಲಿನಲ್ಲಿ ಡ್ಯುರಾಕ್‌ಗೆ ಚಿನ್ನ, ವೈಲಿಗೆ ಬೆಳ್ಳಿ. ಅಮೆರಿಕ ಆ ವರ್ಷ ಒಬ್ಬ ಈಜುಗಾರ್ತಿಯನ್ನೂ ಕಳಿಸಲಿಲ್ಲ.

ಇಪ್ಪತ್ತು ವರ್ಷಗಳ ಮೇಲೆ, 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾದ ಹದಿನಾರರ ಹುಡುಗಿ ಕ್ಲೇರ್ ಡೆನಿಸ್ ಉಡುಪಿನ ಬಗ್ಗೆ ಆಕ್ಷೇಪಣೆ ಬಂತು. ಬೆನ್ನಿನ ಕಡೆ ಭುಜದ ಎಲುಬು ಹೆಚ್ಚು ಕಾಣುತ್ತದೆ ಎಂಬುದು ದೂರು. ಆಕ್ಷೇಪಣೆ ನಿಲ್ಲಲಿಲ್ಲ. ಆಕೆ 200 ಮೀಟರ್ ಬ್ರೆಸ್ಟ್ ಸ್ಟ್ರೋಕಿನಲ್ಲಿ ಚಿನ್ನ ಗೆದ್ದಳು. ಹಿಂದೆ ಮೊಣಕಾಲಿನ ಬಳಿ ನಿಂತಿದ್ದ ಅಳತೆಗೋಲು ಈಗ ಭುಜಕ್ಕೆ ಬಂದಿತ್ತು.

ನಮ್ಮ ದೇಶದ ಹೆಣ್ಣುಮಕ್ಕಳು

1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಭಾರತದಿಂದ ಇಬ್ಬರು ಈಜುಗಾರ್ತಿಯರು ಹೋದರು: ಡಾಲಿ ನಜೀರ್ ಮತ್ತು ಕಲ್ಕತ್ತೆಯ ಆರತಿ ಸಾಹಾ. ಆರತಿಗೆ ಆಗ ಹನ್ನೆರಡೂ ತುಂಬಿರಲಿಲ್ಲ. ಅದೇ ಆರತಿ 1959ರ ಸೆಪ್ಟೆಂಬರ್ 29ರಂದು ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. 1960ರಲ್ಲಿ ಪದ್ಮಶ್ರೀ ಬಂತು.

ಕಾಲುವೆ ಈಜಿನ ಉಡುಪಿನ ನಿಯಮ ಬಹಳ ಸ್ವಾರಸ್ಯದ್ದು. ಅಲ್ಲಿ ಉಡುಪಿಗೆ ತೋಳು ಇರಕೂಡದು, ಕಾಲು ಮುಚ್ಚಕೂಡದು. ಚಳಿ ತಡೆಯುವ ಅಥವಾ ದೇಹವನ್ನು ತೇಲಿಸುವ ಬಟ್ಟೆ ಆಗದು. ಒಂದು ಟೋಪಿ, ಒಂದು ಕನ್ನಡಕ, ಮೈಗೆ ಬಳಿದ ಕೊಬ್ಬು, ಇಷ್ಟೇ. ಮೂರು ಅಂಗುಲ ತೋಳು ಬೇಕೇ ಬೇಕೆಂದ ದೇಶದ ಕಡಲಲ್ಲೇ ತೋಳು ಬೇಡವೇ ಬೇಡವೆಂಬ ನಿಯಮ! ಮೊದಲನೆಯದಕ್ಕೆ ಮಾನದ ಯೋಚನೆ, ಎರಡನೆಯದಕ್ಕೆ ನ್ಯಾಯದ ಯೋಚನೆ. ಕಡಲನ್ನು ದೇಹಬಲದಿಂದ ದಾಟಿದರೋ ಬಟ್ಟೆಯ ಬಲದಿಂದ ದಾಟಿದರೋ ಎಂಬ ಅನುಮಾನ ಉಳಿಯಬಾರದೆಂಬುದು ಅದರ ಉದ್ದೇಶ.

ನಮ್ಮ ನೆರೆಯ ಬೆಂಗಳೂರು ಮುಂದೆ ದೇಶದ ಈಜಿನ ತವರಾಯಿತು. ಹಲಸೂರು ಕೆರೆಯ ಬಳಿಯ ಕೆನ್ಸಿಂಗ್ಟನ್ ಈಜುಕೊಳ, ಸ್ಯಾಂಕಿ ಕೆರೆಯ ಬದಿಯ ಕೆ. ಸಿ. ರೆಡ್ಡಿ ಈಜುಕೊಳ, ಬಸವನಗುಡಿಯ ಅಕ್ವಾಟಿಕ್ ಸೆಂಟರ್ ಇವು ಹೆಸರಾದವು. ಮದರಾಸಿನಲ್ಲಿ ಈಜು ಕಲಿತು ಬೆಂಗಳೂರಿನಲ್ಲಿ ಬೆಳೆದ ನಿಶಾ ಮಿಲ್ಲೆಟ್ 2000ದ ಸಿಡ್ನಿಗೆ, ಶಿಖಾ ಟಂಡನ್ 2004ರ ಅಥೆನ್ಸಿಗೆ, ಹದಿನಾಲ್ಕರ ಧಿನಿಧಿ ದೇಸಿಂಗು 2024ರ ಪ್ಯಾರಿಸ್ಸಿಗೆ ಹೋದರು. ಈ ಬೆಂಗಳೂರು ಹೊಸೂರಿಗೆ ಕೇವಲ ನಲವತ್ತು ಕಿಲೋಮೀಟರ್. ಆದರೆ ಹೊಸೂರಿನ ಕನ್ನಡದ ಮನೆಗಳಿಂದ ಎಷ್ಟು ಹೆಂಗಸರು ಆ ಕೊಳಗಳಿಗೆ ಇಳಿದಿದ್ದಾರೆ?

ಬಟ್ಟೆ ಗೆದ್ದ ಎರಡು ವರ್ಷ

ಈಜುಡುಗೆಯ ಚರಿತ್ರೆಯಲ್ಲಿ ಅತಿ ವಿಚಿತ್ರವಾದ ಅಧ್ಯಾಯ 2008 ಮತ್ತು 2009. 2008ರ ಫೆಬ್ರವರಿಯಲ್ಲಿ ಸ್ಪೀಡೊ ಕಂಪನಿ 'ಎಲ್‌ಝಡ್‌ಆರ್ ರೇಸರ್' ಎಂಬ ಉಡುಪನ್ನು ತಂದಿತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದಲ್ಲಿ ಬಟ್ಟೆಯ ಪರೀಕ್ಷೆ ನಡೆದಿತ್ತು. ಅದು ಮೈಯನ್ನು ಬಿಗಿದು ಹಿಡಿಯುತ್ತಿತ್ತು, ನೀರಿನ ಎಳೆತವನ್ನು ಕಡಿಮೆ ಮಾಡುತ್ತಿತ್ತು. ಆ ವರ್ಷದ ಬೀಜಿಂಗ್ ಒಲಿಂಪಿಕ್ಸಿನಲ್ಲಿ ವಿಶ್ವದಾಖಲೆಗಳು ಸಾಲುಸಾಲಾಗಿ ಮುರಿದವು. ಮರುವರ್ಷ ಬೇರೆ ಕಂಪನಿಗಳು ಪೂರ್ತಿ ಪಾಲಿಯುರೆಥೇನ್ ಉಡುಪುಗಳನ್ನೇ ತಂದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 43 ವಿಶ್ವದಾಖಲೆಗಳಾದವು. ಮೈಕೆಲ್ ಫೆಲ್ಪ್ಸ್‌ನನ್ನು 200 ಮೀಟರ್ ಫ್ರೀಸ್ಟೈಲಿನಲ್ಲಿ ಜರ್ಮನಿಯ ಪೌಲ್ ಬೀಡರ್‌ಮನ್ ಸೋಲಿಸಿದಾಗ, ಗೆದ್ದದ್ದು ಆಳೋ ಬಟ್ಟೆಯೋ ಎಂದು ಜಗತ್ತೇ ಕೇಳಿತು.

1908ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಈಜು ಒಕ್ಕೂಟ 'ಫಿನಾ' (2023ರಿಂದ ಅದರ ಹೆಸರು ವರ್ಲ್ಡ್ ಅಕ್ವಾಟಿಕ್ಸ್) 2010ರ ಜನವರಿ 1ರಿಂದ ಹೊಸ ನಿಯಮ ಜಾರಿಗೆ ತಂದಿತು. ಉಡುಪು ನೇಯ್ದ ಬಟ್ಟೆಯದೇ ಆಗಿರಬೇಕು, ಝಿಪ್ ಇರಕೂಡದು. ದಪ್ಪ 0.8 ಮಿಲಿಮೀಟರ್ ಮೀರಕೂಡದು. ಕೊಳದ ಸ್ಪರ್ಧೆಯಲ್ಲಿ ಗಂಡಸರ ಉಡುಪು ಹೊಕ್ಕುಳಿನಿಂದ ಮೇಲೆ, ಮೊಣಕಾಲಿನಿಂದ ಕೆಳಗೆ ಹೋಗಬಾರದು. ಹೆಂಗಸರದು ಕುತ್ತಿಗೆಯನ್ನು ಮುಚ್ಚದೆ, ಭುಜವನ್ನು ದಾಟದೆ, ಮೊಣಕಾಲಿನಲ್ಲಿ ನಿಲ್ಲಬೇಕು.

ಕೊನೆಯ ವಾಕ್ಯವನ್ನು ನಮ್ಮ ಹೆಂಗಸರು ಇನ್ನೊಮ್ಮೆ ಓದಬೇಕು. ಇಂದಿನ ಅತ್ಯುನ್ನತ ಸ್ಪರ್ಧೆಯಲ್ಲೂ ಭುಜದಿಂದ ಮೊಣಕಾಲಿನವರೆಗೆ ಮೈ ಮುಚ್ಚುವ ಉಡುಪಿಗೆ ಅನುಮತಿಯಿದೆ. ತೊಡೆ ಕಾಣಲೇಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಒಲಿಂಪಿಕ್ಸಿನಲ್ಲಿ ಈಜುವವರು ಇಂದು ತೊಡುವುದೂ ಹೆಚ್ಚಾಗಿ ಮೊಣಕಾಲಿನ ತನಕ ಬರುವ ಉಡುಪನ್ನೇ. 1890ರ ದಶಕದ ಇಂಗ್ಲೆಂಡು ಮಾನಕ್ಕಾಗಿ ಎಳೆದ ಗೆರೆಯೂ, 2010ರಲ್ಲಿ ವೇಗದ ನ್ಯಾಯಕ್ಕಾಗಿ ಎಳೆದ ಗೆರೆಯೂ ಹತ್ತಿರ ಹತ್ತಿರ ಅದೇ ಮೊಣಕಾಲಿನ ಬಳಿ ಬಂದು ನಿಂತದ್ದು ಕಾಲದ ಆಟವೇ ಸರಿ.

ನಲವತ್ತರ ಮೇಲಿನ ಸ್ಪರ್ಧೆ

ಇಷ್ಟೆಲ್ಲ ಎಳೆಯರ ಮಾತಾಯಿತು. ಮನೆ, ಮಕ್ಕಳು, ನೌಕರಿ ಇರುವ ವಯಸ್ಕರಿಗೇನಿದೆ? ಅದಕ್ಕೇ 'ಮಾಸ್ಟರ್ಸ್' ಈಜು. ಅಮೆರಿಕದ ನೌಕಾದಳದ ವೈದ್ಯ ರ‍್ಯಾನ್ಸಮ್ ಆರ್ಥರ್ ಎಂಬವರು, ಕಾಲೇಜು ಮುಗಿದ ಮೇಲೆ ಜನ ಈಜು ಬಿಡುವುದನ್ನು ಕಂಡು, ಸ್ಪರ್ಧೆಯ ಆಸೆಯಿದ್ದರೆ ಅವರು ವ್ಯಾಯಾಮ ಮುಂದುವರಿಸುತ್ತಾರೆಂದು ವಾದಿಸಿದರು. 1970ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಅಮರಿಲ್ಲೊದಲ್ಲಿ ಮೊದಲ ಮಾಸ್ಟರ್ಸ್ ಸ್ಪರ್ಧೆ ನಡೆದಾಗ ಬಂದವರು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಫಿನಾ ತನ್ನ ಮೊದಲ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್ಪನ್ನು 1986ರಲ್ಲಿ ಟೋಕಿಯೋದಲ್ಲಿ ನಡೆಸಿತು.

ಇದರ ನಿಯಮಗಳು ಮನುಷ್ಯರ ವಯಸ್ಸನ್ನು ಗೌರವಿಸುತ್ತವೆ. 25 ತುಂಬಿದವರು ಸೇರಬಹುದು. 25-29, 30-34, 35-39 ಹೀಗೆ ಐದೈದು ವರ್ಷದ ವರ್ಗಗಳು. ಸ್ಪರ್ಧೆಯ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸಾಗುತ್ತದೆಯೋ ಅದೇ ಲೆಕ್ಕ. 1980ರಲ್ಲಿ ಯಾವ ತಿಂಗಳು ಹುಟ್ಟಿದವರಾದರೂ 2025ರಲ್ಲಿ 45-49ರ ವರ್ಗಕ್ಕೆ ಸೇರುತ್ತಾರೆ. ಆದ್ದರಿಂದ ನಲವತ್ತೆಂಟರ ಅತ್ತಿಗೆ ಇಪ್ಪತ್ತರ ಸೊಸೆಯ ಜೊತೆ ಓಟ ಕಟ್ಟಬೇಕಾಗಿಲ್ಲ, ತನ್ನ ಓರಗೆಯವರೊಡನೆ ಈಜಿದರಾಯಿತು. ರಿಲೇಯಲ್ಲಿ ನಾಲ್ವರ ವಯಸ್ಸನ್ನು ಕೂಡಿಸುತ್ತಾರೆ. 45, 48, 52, 55 ವಯಸ್ಸಿನವರು ಸೇರಿದರೆ ಮೊತ್ತ 200. ಅವರ ತಂಡ 200-239ರ ವರ್ಗಕ್ಕೆ. ಇಬ್ಬರು ಗಂಡಸರು, ಇಬ್ಬರು ಹೆಂಗಸರ ಮಿಶ್ರ ರಿಲೇಯೂ ಉಂಟು. ಅಣ್ಣ ತಂಗಿ, ಗಂಡ ಹೆಂಡತಿ ಒಂದೇ ತಂಡದಲ್ಲಿ ಈಜಬಹುದು.

ಎತ್ತರದ ಕಟ್ಟೆಯಿಂದ ಧುಮುಕಲು ಹೆದರುವವರು ಕೊಳದ ಅಂಚಿನಿಂದ ಹೊರಡಬಹುದು, ನೀರಿನಲ್ಲೇ ನಿಂತು ಗೋಡೆ ಒದ್ದು ಹೊರಟರೂ ಸರಿ. ಬಟರ್‌ಫ್ಲೈಯಲ್ಲಿ ಸೊಂಟ ಸಹಕರಿಸದವರಿಗೆ ಬ್ರೆಸ್ಟ್ ಸ್ಟ್ರೋಕಿನ ಕಾಲೊದೆತಕ್ಕೆ ರಿಯಾಯಿತಿ ಇದೆ. ಹಾಗೆಂದು ಎಲ್ಲವೂ ಸಡಿಲವಲ್ಲ. ಬ್ರೆಸ್ಟ್ ಸ್ಟ್ರೋಕಿನಲ್ಲಿ, ಅಂದರೆ ನಮ್ಮ ಕಪ್ಪೆ ಈಜಿಗೆ ಹತ್ತಿರವಾದದ್ದರಲ್ಲಿ, ತಿರುವಿನಲ್ಲೂ ಕೊನೆಯಲ್ಲೂ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು. ಒಂದು ಕೈ ತಡವಾದರೆ ಈಜಿದ್ದೆಲ್ಲ ನೀರಪಾಲು. ಫ್ರೀಸ್ಟೈಲಿನಲ್ಲಾದರೆ ಯಾವ ಬಗೆಯಲ್ಲಿ ಈಜಿದರೂ ಒಪ್ಪಿಗೆ. ಬಾವಿಯಲ್ಲಿ ತಲೆಯೆತ್ತಿಕೊಂಡು ಕಲಿತ ಈಜಿಗೂ ಅಲ್ಲಿ ಜಾಗವಿದೆ. ಉಡುಪಿನ ನಿಯಮ ಮಾತ್ರ ಎಳೆಯರಿಗಿರುವುದೇ ಇವರಿಗೂ. ಹಣವಿರುವ ಹವ್ಯಾಸಿ ದುಬಾರಿ ಉಡುಪಿನಿಂದ ಹಣವಿಲ್ಲದ ಹವ್ಯಾಸಿಯನ್ನು ಸೋಲಿಸಬಾರದೆಂಬ ವಿವೇಕ ಅದರಲ್ಲಿದೆ.

ಜಪಾನಿನ ಮಿಯೆಕೊ ನಗವೊಕಾ ಎಂಬ ಅಜ್ಜಿ ಮೊಣಕಾಲಿನ ನೋವಿಗೆಂದು ಎಂಬತ್ತರ ಹರೆಯದಲ್ಲಿ ಈಜಿಗಿಳಿದವರು. 2015ರಲ್ಲಿ, ನೂರು ತುಂಬಿದ ಮೇಲೆ, 1500 ಮೀಟರನ್ನು ಪೂರ್ತಿ ಈಜಿ ದಾಖಲೆ ಪುಸ್ತಕ ಸೇರಿದರು. ಮೊಣಕಾಲಿನ ನೋವು ಯಾರ ಮನೆಯಲ್ಲಿಲ್ಲ?

ನಮ್ಮ ದೇಶದಲ್ಲೂ ಭಾರತೀಯ ಈಜು ಒಕ್ಕೂಟದ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆ ನಡೆಯುತ್ತ ಬಂದಿದೆ. 2024ರ ನವೆಂಬರಿನಲ್ಲಿ ಅದು ನಡೆದದ್ದು ಮಂಗಳೂರಿನ ಎಮ್ಮೆಕೆರೆಯ ಹೊಸ ಈಜುಕೊಳದಲ್ಲಿ. ಕಾಸರಗೋಡಿನ ಓದುಗರಿಗೆ ಅದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಗಡಿಯ ಈಚೆಯವರು

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಅಂದಿನಿಂದ ನಮಗೆ ಹತ್ತಿರದ ದೊಡ್ಡ ಪೇಟೆ ಒಂದು ರಾಜ್ಯದಲ್ಲಿ, ಕಾಗದಪತ್ರ ಇನ್ನೊಂದು ರಾಜ್ಯದಲ್ಲಿ. ಈಜಿನ ತಂಡಗಳೂ ರಾಜ್ಯವಾರು ಸಂಘಗಳ ಮೂಲಕವೇ ಹೋಗುತ್ತವೆ. ಕಲಿಯುವುದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆದರೂ, ಅರ್ಜಿ ಚೆನ್ನೈಗೋ ತಿರುವನಂತಪುರಕ್ಕೋ ಎಂಬ ತೊಡಕು ನಮ್ಮ ಮಕ್ಕಳಿಗೆ ಸಹಜವಾಗಿಯೇ ಬರುತ್ತದೆ. ಆದರೆ ಈ ಗಡಿಗಿಂತ ನಮ್ಮ ಮನೆಯೊಳಗಿನ ಗಡಿ ದೊಡ್ಡದು.

ಮೂರು ಬಗೆಯ ನಿಯಮಗಳನ್ನು ನಾವು ಒಂದಕ್ಕೊಂದು ಕಲಸಿದ್ದೇವೆ. ಮೊದಲನೆಯದು ಕೊಳದ ಶುಚಿತ್ವದ್ದು. ಹತ್ತಿಬಟ್ಟೆ ಬೇಡ, ನೈಲಾನ್ ಅಥವಾ ಲೈಕ್ರಾ ಇರಲಿ, ಟೋಪಿ ಇರಲಿ ಎನ್ನುವುದು ಬಣ್ಣ ಬಿಡುವ, ನೂಲೆಳೆ ಉದುರುವ ಬಟ್ಟೆಯಿಂದ ನೀರೂ ಶೋಧಕವೂ ಕೆಡುತ್ತವೆಂದು. ಮೈ ಎಷ್ಟು ಮುಚ್ಚಬೇಕೆಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೇ ಲೈಕ್ರಾದಲ್ಲಿ ಮಣಿಕಟ್ಟಿನಿಂದ ಪಾದದ ತನಕ ಮುಚ್ಚುವ ಈಜುಡುಗೆ ಇಂದು ಸಿಗುತ್ತದೆ. ಆರೋಗ್ಯಕ್ಕಾಗಿ ಈಜುವ ಹೆಂಗಸಿಗೆ ಅದು ಧಾರಾಳ ಸಾಕು. ಎರಡನೆಯದು ಸ್ಪರ್ಧೆಯದು. ಅದು ಭುಜದಿಂದ ಮೊಣಕಾಲಿನ ತನಕ ಎನ್ನುತ್ತದೆ. ಸ್ಪರ್ಧಿಸುವ ದಿನ ಬಂದಾಗ ಅದನ್ನು ಯೋಚಿಸಿದರಾಯಿತು. ಮೂರನೆಯದು ನಾಚಿಕೆಯದು. ಅದು ಎಲ್ಲೂ ಬರೆದಿಲ್ಲ, ಆದರೆ ಎಲ್ಲಕ್ಕಿಂತ ಗಟ್ಟಿ. ಮೂರನೆಯದಕ್ಕೆ ಹೆದರಿ, ಅದನ್ನೇ ಮೊದಲನೆಯದೆಂದೂ ಎರಡನೆಯದೆಂದೂ ತಿಳಿದು, ನಾವು ಹೆಣ್ಣುಮಕ್ಕಳನ್ನು ದಡದಲ್ಲೇ ನಿಲ್ಲಿಸಿದೆವು.

ನಾಚಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದಕ್ಕೂ ಮನ್ನಣೆ ಕೊಟ್ಟು ದಾರಿ ಹುಡುಕಬಹುದು. ನಮ್ಮ ಕನ್ನಡ ಸಂಘಗಳು ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕುತ್ತವೆ. ಹತ್ತು ಮಂದಿ ಹೆಂಗಸರನ್ನು ಸೇರಿಸಿ ಹತ್ತಿರದ ಕೊಳದಲ್ಲಿ ವಾರಕ್ಕೆರಡು ದಿನ ಹೆಂಗಸರ ವೇಳೆ ಕೇಳುವುದು, ಹೆಣ್ಣು ತರಬೇತುದಾರರನ್ನು ಗೊತ್ತುಮಾಡುವುದು, ಪೂರ್ತಿ ಮುಚ್ಚುವ ಈಜುಡುಗೆಗೆ ಒಪ್ಪಿಗೆ ಪಡೆಯುವುದು ಅವುಗಳಿಗೆ ಅಸಾಧ್ಯವಲ್ಲ. ಅರ್ಜಿ ತಮಿಳಿನಲ್ಲಿ ಬರೆದರೂ ಸರಿ, ಮಲಯಾಳದಲ್ಲಿ ಬರೆದರೂ ಸರಿ, ಕೇಳುವುದು ನ್ಯಾಯವಾದದ್ದನ್ನೇ.

ಫ್ಯಾನಿ ಡ್ಯುರಾಕ್‌ಳ ಊರಿನ ಸಂಘ ತನ್ನ ನಿಯಮವನ್ನು ಸಡಿಲಿಸಲು ಜನ ಬಾಯಿಬಿಟ್ಟು ಕೇಳಬೇಕಾಯಿತು. ನಮ್ಮ ನಿಯಮ ಯಾವ ಸಂಘದ ಪುಸ್ತಕದಲ್ಲೂ ಇಲ್ಲ, ನಮ್ಮ ನಾಲಿಗೆಯ ಮೇಲಿದೆ. "ಏನು ಉಟ್ಕೊಂಡು ಇಳೀತಾಳೆ?" ಎಂದು ಕೇಳುವವರಿಗೆ ಕೊಡಲು ಈಗ ಉತ್ತರವಿದೆ, ಅಂಗಡಿಯಲ್ಲಿ ಬಟ್ಟೆಯೂ ಇದೆ.